ಜರ್ಮನಿಯಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಯಾಕೆ ನಡೆಯೋದಿಲ್ಲ

ರಸ್ತೆ ಪೂರ್ತಿ ಖಾಲಿ ಇದ್ದರೂ ಕೆಂಪು ದೀಪಕ್ಕೆ ಯಾಕೆ ನಿಲ್ಲುತ್ತಾರೆ, ಒಂದು ಕಾಗದ ಕಡಿಮೆಯಾದರೆ ಕಚೇರಿಯಿಂದ ಯಾಕೆ ವಾಪಸ್ ಕಳಿಸುತ್ತಾರೆ, ಈ ಜನಕ್ಕೆ ಕರುಣೆಯೇ ಇಲ್ಲವೇ ಎಂದು ಕೇಳಿದ್ದೀರಿ. ಕರುಣೆ ಇದೆ. ಆದರೆ ಕೌಂಟರಿನಲ್ಲಿ ಕೂತವರನ್ನು ಕರಗಿಸಿ ಅದನ್ನು ಪಡೆಯಲಾಗದು. ಎಷ್ಟು ಸಡಿಲಿಸಬಹುದು ಎಂಬುದನ್ನು ನಿಯಮದೊಳಗೇ ಬರೆದಿಟ್ಟಿರುತ್ತಾರೆ. ‘ಅಡ್ಜಸ್ಟ್ ಮಾಡಿ’ ಅನ್ನುವ ಬದಲು ‘ಇದಕ್ಕೆ ನಿಯಮದಲ್ಲಿ ಏನು ದಾರಿ ಇದೆ?’ ಎಂದು ಕೇಳಿ. ಅದೇ ಅಧಿಕಾರಿ ಕೂತು ವಿವರಿಸುತ್ತಾರೆ.

ಟಿಕೆಟ್ ವಿಷಯವನ್ನೇ ನೋಡಿ. ಟಿಕೆಟ್ ಇಲ್ಲದೆ ಸಿಕ್ಕಿದರೆ 60 ಯೂರೋ. ನಿಮ್ಮ ಹೆಸರಿನ ತಿಂಗಳ ಪಾಸ್ ಮನೆಯಲ್ಲಿ ಬಿಟ್ಟು ಬಂದಿದ್ದರೂ ತಪಾಸಕರು ಚೀಟಿ ಬರೆದೇ ಬರೆಯುತ್ತಾರೆ, ವಾದ ಮಾಡಿ ಪ್ರಯೋಜನವಿಲ್ಲ. ಆದರೆ ಒಂದು ವಾರದೊಳಗೆ ಸಾರಿಗೆ ಸಂಸ್ಥೆಯ ಕೌಂಟರಿನಲ್ಲಿ ಪಾಸ್ ತೋರಿಸಿದರೆ ಸಾಮಾನ್ಯವಾಗಿ 7 ಯೂರೋಗೆ ಮುಗಿಯುತ್ತದೆ. ಬೇರೆಯವರಿಗೂ ಕೊಡಬಹುದಾದ, ಹೆಸರಿಲ್ಲದ ಪಾಸ್‌ಗೆ ಈ ಸೌಲಭ್ಯವಿಲ್ಲ.

ಹೊಸಬರು ಹೆಚ್ಚು ಪೆಟ್ಟು ತಿನ್ನುವುದು ಅಂಚೆಯಲ್ಲಿ. ಸರ್ಕಾರಿ ಆದೇಶ, ಅಂದರೆ ಬೆಷೈಡ್, ಬಂದರೆ ಮೊದಲು ಅದರ ಕೊನೆಯ ಪ್ಯಾರಾ ಓದಿ. ಯಾರಿಗೆ, ಎಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು ಎಂದು ಅಲ್ಲಿರುತ್ತದೆ. ಆಡಳಿತದ ಆದೇಶಕ್ಕೆ ಸಾಮಾನ್ಯವಾಗಿ ಒಂದು ತಿಂಗಳು, ದಂಡದ ಆದೇಶಕ್ಕೆ ಎರಡೇ ವಾರ. ಬವೇರಿಯಾದಲ್ಲಿ ಹಲವು ವಿಷಯಗಳಿಗೆ ಕಚೇರಿಗೆ ಆಕ್ಷೇಪಣೆಯ ಹಂತವೇ ಇಲ್ಲ, ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಗೆಳೆಯರ ಮಾತಿಗಿಂತ ಆ ಪ್ಯಾರಾ ನಂಬಿ. ಹಳದಿ ಲಕೋಟೆಯಲ್ಲಿ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅಂಚೆಯವರು ಅದರ ಮೇಲೆ ಬರೆದ ತಾರೀಖಿನಿಂದಲೇ ದಿನ ಎಣಿಸುತ್ತಾರೆ, ಆಗ ನೀವು ಊರಿಗೆ ಹೋಗಿದ್ದರೂ ಸರಿ. ಸಾಮಾನ್ಯ ಅಂಚೆಯ ಆದೇಶ ಕಳಿಸಿದ ನಾಲ್ಕನೇ ದಿನ ನಿಮಗೆ ತಲುಪಿತು ಎಂದು 2025ರಿಂದ ಲೆಕ್ಕ. ರಜೆಗೆ ಹೊರಟಾಗ ಅಂಚೆ ಪೆಟ್ಟಿಗೆಯ ಬೀಗದ ಕೈಯನ್ನು ನಂಬಿಕಸ್ತರಿಗೆ ಕೊಟ್ಟು, ಪತ್ರಗಳ ಫೋಟೊ ಕಳಿಸಲು ಹೇಳಿ.

ಆಕ್ಷೇಪಣೆಗೆ ದೊಡ್ಡ ಪತ್ರ ಬೇಕಿಲ್ಲ. ‘ಈ ಆದೇಶಕ್ಕೆ ಆಕ್ಷೇಪಿಸುತ್ತೇನೆ, ಕಾರಣಗಳನ್ನು ಮುಂದೆ ತಿಳಿಸುತ್ತೇನೆ’ ಎಂಬ ಎರಡು ಸಾಲು, ಕಡತದ ಸಂಖ್ಯೆ, ಸಹಿ ಸಾಕು. ಬರೀ ಇಮೇಲ್ ಸಾಮಾನ್ಯವಾಗಿ ನಡೆಯುವುದಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ತೆರಿಗೆ, ಶುಲ್ಕದಂಥ ಹಣದ ಆದೇಶವಾದರೆ ಆಕ್ಷೇಪಿಸಿದ ಮಾತ್ರಕ್ಕೆ ಪಾವತಿ ನಿಲ್ಲುವುದಿಲ್ಲ. ಪಾವತಿಯ ತಡೆಗೆ ಬೇರೆಯೇ ಮನವಿ ಹಾಕಬೇಕು.

ಇದಕ್ಕೆಲ್ಲ ಬುಡ ವಿಳಾಸ ನೋಂದಣಿ, ಆನ್‌ಮೆಲ್ಡುಂಗ್. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು, ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ಆಗುವುದಿಲ್ಲ, ಬಹಳ ಜನ ವಾಪಸ್ ಬರುವುದು ಇಲ್ಲೇ. ನಗರಗಳಲ್ಲಿ ಅಪಾಯಿಂಟ್‌ಮೆಂಟ್ ತಡವಾಗಿ ಸಿಗಬಹುದು. ಎರಡು ವಾರದೊಳಗೇ ಅದನ್ನು ಕಾಯ್ದಿರಿಸಿ, ದೃಢೀಕರಣದ ಇಮೇಲ್ ಉಳಿಸಿಕೊಳ್ಳಿ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದನ್ನು ಅದೇ ದಿನ ಮಾಡಿ, ಇಲ್ಲವಾದರೆ ತೆರಿಗೆ ಸಂಖ್ಯೆಯ ಪತ್ರವೂ ಹಿಂದಿರುಗುತ್ತದೆ.

ವಾಸದ ಪರವಾನಗಿ ಮುಗಿಯುವ ಮೊದಲೇ ನವೀಕರಣದ ಅರ್ಜಿ ತಲುಪಿದ್ದರೆ, ತೀರ್ಮಾನವಾಗುವ ತನಕ ಹಳೆಯ ಪರವಾನಗಿಯೇ ಊರ್ಜಿತ. ಅದಕ್ಕೆ ಫಿಕ್ಷಿಯೋನ್ಸ್‌ಬೆಷೈನಿಗುಂಗ್ ಎಂಬ ಪತ್ರ ಕೊಡುತ್ತಾರೆ, ಕೇಳಿ ಪಡೆಯಿರಿ. ಒಂದು ದಿನ ತಡವಾದರೂ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ.

ಇನ್ನು ಅಪರಿಚಿತರು ಗದರಿಸುವುದು. ಅದನ್ನು ಅವಮಾನ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಜರ್ಮನರು ತಮ್ಮವರಿಗೂ ಹಾಗೇ ಹೇಳುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ, ಭಾನುವಾರ ಇಡೀ ದಿನ ಗೋಡೆ ಕೊರೆಯುವಂತಿಲ್ಲ. ಮಿಕ್ಸಿ ಹಾಕುವುದನ್ನೂ ಹಗಲಲ್ಲೇ ಮುಗಿಸಿಕೊಂಡರೆ ನೆರೆಯವರ ಜೊತೆ ಹಿತವಾಗಿರಬಹುದು. ಗಾಜಿನ ಬಾಟಲಿಗಳನ್ನು ಸಾರ್ವಜನಿಕ ಡಬ್ಬಿಗೆ ಹಾಕುವುದೂ ಭಾನುವಾರ ಬೇಡ. ಕೆಂಪು ದೀಪದಲ್ಲಿ ನಡೆದು ದಾಟಿದರೆ ದಂಡ 5 ಯೂರೋ ಮಾತ್ರ; ಜನ ಸಿಟ್ಟಾಗುವುದು ಪಕ್ಕದಲ್ಲಿ ಮಕ್ಕಳು ನೋಡುತ್ತಿದ್ದಾರೆ ಎಂಬುದಕ್ಕೆ, ಆ ಸಿಟ್ಟು ನ್ಯಾಯವಾದದ್ದೇ. ಸೈಕಲ್‌ನಲ್ಲಿ ದಾಟಿದರೆ ಕನಿಷ್ಠ 60 ಯೂರೋ, ಜೊತೆಗೆ ಫ್ಲೆನ್ಸ್‌ಬುರ್ಗ್‌ನ ಸಂಚಾರ ದಾಖಲೆಯಲ್ಲಿ ತಪ್ಪಿಗೆ 1 ಪಾಯಿಂಟ್, ನಿಮ್ಮ ಬಳಿ ಡ್ರೈವಿಂಗ್ ಲೈಸೆನ್ಸ್ ಇಲ್ಲದಿದ್ದರೂ.