ಪ್ರತಿಕ್ರಿಯೆ: ಒಡೆದ ಟೈಲ್ಸ್ ಚೂರನ್ನು ಕಾಂಕ್ರೀಟಿಗೆ ಹಾಕಬಹುದೇ?

ದಾವಣಗೆರೆಯ ಹಳೆಯ ಮನೆಯ ಬಚ್ಚಲಿನಿಂದ ಕಿತ್ತ ಎರಡು ಟ್ರ್ಯಾಕ್ಟರ್ ಲೋಡ್ ಟೈಲ್ಸನ್ನು ಜಲ್ಲಿಯ ಬದಲು ತಾರಸಿಯ ಆರ್‌ಸಿಸಿಗೆ ಬಳಸಬಹುದೇ ಎಂದು ಕೇಳಿದ್ದೀರಿ. ತಾರಸಿಗೆ ಬೇಡ, ಕಬ್ಬಿಣವಿಲ್ಲದ ನೆಲದ ಬೆಡ್ ಕಾಂಕ್ರೀಟಿಗೆ (ನೆಲಹಾಸಿನ ಅಡಿಯ ಪದರಕ್ಕೆ) ನಿಶ್ಚಿಂತೆಯಿಂದ ಬಳಸಿ.

ಮೊದಲು ಗೋಡೆಯ ಟೈಲ್ಸನ್ನೂ ವಿಟ್ರಿಫೈಡ್ ಟೈಲ್ಸನ್ನೂ ಬೇರ್ಪಡಿಸಿಕೊಳ್ಳಿ. ವಿಟ್ರಿಫೈಡ್ ಚೂರು ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ, ಆದರೆ ಗೋಡೆಯ ಟೈಲ್ಸ್ ಸಾಮಾನ್ಯವಾಗಿ ಶೇ. 10ಕ್ಕಿಂತ ಹೆಚ್ಚು ಹೀರುವುದರಿಂದ, ಅದನ್ನು ಒಣಗಿದ್ದಂತೆಯೇ ಮಿಕ್ಸರಿಗೆ ಸುರಿದರೆ ಕಲಸಿದ ಸ್ವಲ್ಪ ಹೊತ್ತಿಗೇ ಮಾಲು ಗಟ್ಟಿಯಾಗಿ, ಮೇಸ್ತ್ರಿ ಮತ್ತೆ ನೀರು ಸುರಿದು ಬಲವನ್ನೇ ಕೆಡಿಸುತ್ತಾನೆ. ಹಿಂದಿನ ರಾತ್ರಿಯೇ ನೆನೆಸಿ, ಮೇಲಿನ ನೀರು ಆರಿದ ಬಳಿಕ ಬಳಸಿ.

ಇನ್ನೊಂದು ತೊಡಕು ಹೊಳಪಿನ ಮುಖದ್ದು. ನಮ್ಮ ಶೆಡ್ಡಿನ ನೆಲವನ್ನು ಒಮ್ಮೆ ಒಡೆಸಿದಾಗ ನೀಲಿ ಟೈಲ್ಸಿನ ಚೂರೊಂದು ಅಚ್ಚಿನಿಂದ ಬೆಲ್ಲ ಬಿಟ್ಟಂತೆ ಕಳಚಿಬಂತು. ಅದು ಕೂತಿದ್ದ ಜಾಗ ಕನ್ನಡಿಯಂತೆ ನುಣುಪಾಗಿತ್ತು, ಒರಟು ಬೆನ್ನಿಗೆ ಮಾತ್ರ ಸಿಮೆಂಟ್ ಕಚ್ಚಿಕೊಂಡಿತ್ತು. ಆದ್ದರಿಂದ ಚಪ್ಪಟೆ ಚೂರುಗಳು ಉಳಿಯದಂತೆ ಸಣ್ಣದಾಗಿ ಒಡೆಸಿ, ಜಲ್ಲಿಯ ಐದನೆಯ ಒಂದು ಪಾಲಿಗಷ್ಟೇ ಬದಲಿಸಿ.

ಸುಟ್ಟ ಮಣ್ಣಿನ ನುಣ್ಣನೆಯ ಪುಡಿ ಸುಣ್ಣದೊಂದಿಗೆ ಬೆರೆತು ಗಟ್ಟಿಯಾಗುತ್ತದೆ ಎಂಬುದು ನಿಜ (ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯ ಗುಟ್ಟೂ ಅದೇ), ಆದರೆ ಅಷ್ಟು ನಯವಾಗಿ ಅರೆಯುವುದು ಮನೆಗೆಲಸಕ್ಕೆ ಗಿಟ್ಟುವುದಿಲ್ಲ. ಬೆಡ್ ಹಾಕುವ ಮುನ್ನ ಅದೇ ಮಾಲಿನಿಂದ 150 ಮಿ.ಮೀ. ಕ್ಯೂಬುಗಳನ್ನು ಎರಕ ಹೊಯ್ದು, 28 ದಿನಗಳ ನಂತರ ಅವುಗಳ ಬಲದ ಪರೀಕ್ಷೆ ಮಾಡಿಸಿ.