ಹಳೆ ಸಾಮಾನು, ಹೊಸ ತಕರಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಆಂಟಿಕ್ ಮಾಲ್, ಅಂದರೆ ಹತ್ತಾರು ವ್ಯಾಪಾರಿಗಳು ಒಂದೊಂದು ಬೂತ್ (ಪುಟ್ಟ ಮಳಿಗೆ) ಬಾಡಿಗೆಗೆ ಹಿಡಿದು ಹಳೆ ಸಾಮಾನು ಇಡುವ ಅಂಗಡಿ. ಅದರ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಸಾಕಷ್ಟು ಪತ್ರ ಬಂದಿವೆ. ಕುರ್ಚಿ, ಗಡಿಯಾರ, ಪಿಂಗಾಣಿ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಜಾಸ್ತಿ ಪತ್ರಗಳು ಬಂದಿರುವುದು ಅಲ್ಲಿನ ಜನರ ಬಗ್ಗೆ. ಗಿರಾಕಿಗಳಿಗೆ ಕೌಂಟರಿನವರ ಮೇಲೆ ಕೋಪ, ಕೌಂಟರಿನವರಿಗೆ ಗಿರಾಕಿಗಳ ಮೇಲೂ ಮಾಲೀಕರ ಮೇಲೂ ಕೋಪ. ನಾನು ಇಂಥದ್ದೇ ಮಾಲ್ ಒಂದರಲ್ಲಿ ಬೀಗದ ಕೈ ಗೊಂಚಲು ಹಿಡಿದು ವರ್ಷಗಟ್ಟಲೆ ಓಡಾಡಿದವಳು. ಈಗ ಒಂದು ಬೂತ್ ಬಾಡಿಗೆಗೆ ಹಿಡಿದು ಗಾಜು, ಪಿಂಗಾಣಿ ಮಾರುತ್ತೇನೆ. ಹಾಗಾಗಿ ಯಾರ ಪರವೂ ಪೂರ್ತಿ ಮಾತಾಡುವುದಿಲ್ಲ.

ಪ್ರಶ್ನೆ: ಒಳಗೆ ಕಾಲಿಟ್ಟಾಗಿನಿಂದ ಅಲ್ಲಿನ ಹುಡುಗನೊಬ್ಬ ನನ್ನ ಹಿಂದೆಯೇ ಸುತ್ತುತ್ತಿದ್ದ. ಕೈಚೀಲ ಕೌಂಟರಿನಲ್ಲಿಡಿ ಅಂದರು, ಇಟ್ಟೆ. ಆದರೂ ಕಳ್ಳಿಯನ್ನು ನೋಡಿದ ಹಾಗೆ ನೋಡಿದರು. ಇದು ಸರಿಯೇ ಮೇಡಂ?

ಉತ್ತರ: ಸರಿಯಲ್ಲ. ಚೀಲ ಇಡಿಸಿಕೊಳ್ಳುವುದು ಸರಿ, ಎಲ್ಲರಿಗೂ ಅದೇ ನಿಯಮ ಇದ್ದರೆ. ಹಿಂದೆ ಹಿಂದೆ ಬರುವುದು ಬೇರೆ ಮಾತು.

ಕಳ್ಳತನದ ಭಯ ಸುಳ್ಳಲ್ಲ. ಇಂಥ ಮಾಲ್‌ನಲ್ಲಿ ಹತ್ತಾರು ವ್ಯಾಪಾರಿಗಳ ಸಾಮಾನು ಒಂದೇ ಸೂರಿನಡಿ ಇರುತ್ತದೆ. ವ್ಯಾಪಾರಿ ಅಲ್ಲಿರುವುದಿಲ್ಲ. ಗುಂಡಿ, ಉಂಗುರ, ಚಮಚ ಎಲ್ಲವೂ ಮುಷ್ಟಿಯೊಳಗೆ ಹಿಡಿಯುವಂಥವು. ಕಳ್ಳರ ಇನ್ನೊಂದು ಕಸುಬು ಬೆಲೆಯ ಚೀಟಿ ಬದಲಾಯಿಸುವುದು. ಬೆಳ್ಳಿಯ ಚಮಚವೊಂದು ನನ್ನ ಮುಂದೆ ಬಿಲ್ಲಿಗೆ ಬಂದಿತ್ತು. ಅದರ ಕುತ್ತಿಗೆಗೆ ದಾರವನ್ನು ಹೊಸದಾಗಿ ಬಿಗಿದು ಗಂಟು ಹಾಕಿದ್ದರು. ಬೆಲೆ ತೀರಾ ಕಡಿಮೆ. ಚೀಟಿ ತಿರುಗಿಸಿ ಓದಿದರೆ ‘ಬಿಸ್ಕತ್ ಡಬ್ಬಿ, ಮುಚ್ಚಳ ಸಡಿಲ’ ಅಂತ ಬರೆದಿತ್ತು. ತಂದವರು ಮುಚ್ಚಳದ ಬಗ್ಗೆ ಏನೂ ಕೇಳಲಿಲ್ಲ.

ಆದರೆ ಇದನ್ನು ಹಿಡಿದದ್ದು ಕೌಂಟರಿನಲ್ಲಿ, ಚೀಟಿ ಓದಿ. ಯಾರ ಬೆನ್ನ ಹಿಂದೆಯೂ ಸುತ್ತಿ ಅಲ್ಲ. ಕೆಲಸ ಬಲ್ಲವರು ಬಾಗಿಲಲ್ಲೇ ನಮಸ್ಕಾರ ಹೇಳಿ, ‘ಕಪಾಟು ತೆಗೀಬೇಕಾದ್ರೆ ಕರೀರಿ’ ಅಂತಾರೆ. ನನ್ನನ್ನು ನೋಡಿದ್ದಾರೆ ಅನ್ನುವುದು ಕಳ್ಳನಿಗೂ ಗೊತ್ತಾಗುತ್ತದೆ, ಒಳ್ಳೆಯವರಿಗೆ ಮರ್ಯಾದೆಯೂ ಸಿಗುತ್ತದೆ. ಇನ್ನೊಮ್ಮೆ ಹೀಗಾದರೆ ಆ ಹುಡುಗನ ಕಡೆ ತಿರುಗಿ ಗಾಜಿನ ಕಪಾಟೊಂದನ್ನು ತೋರಿಸಿ, ‘ಇದನ್ನು ಸ್ವಲ್ಪ ತೆಗೆದು ತೋರಿಸ್ತೀಯಾಪ್ಪ’ ಅನ್ನಿ. ಕೆಲಸ ಸಿಕ್ಕರೆ ಕಾವಲು ತಾನಾಗಿ ನಿಲ್ಲುತ್ತದೆ. ಆಮೇಲೂ ಬೆನ್ನು ಬಿಡದಿದ್ದರೆ ಮಾಲೀಕರಿಗೆ ಬರೆಯಿರಿ. ಹುಡುಗ ಸುಮ್ನೆ ಹಿಂದೆ ಬರುವುದಿಲ್ಲ, ಯಾರೋ ಹೋಗು ಅಂದಿರುತ್ತಾರೆ.

ಪ್ರಶ್ನೆ: ಮಾಲ್‌ನಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ದಿನವಿಡೀ ನಿಂತಿರಬೇಕು, ಕುರ್ಚಿ ಇಲ್ಲ. ಸುತ್ತಲೂ ಮಾರಾಟದ ಕುರ್ಚಿಗಳೇ, ಕೂರುವಂತಿಲ್ಲ! ಕಪಾಟಿನಿಂದ ತೆಗೆಯುವಾಗ ತಟ್ಟೆಯೊಂದು ಒಡೆಯಿತು ಅಂತ ಸಂಬಳದಲ್ಲಿ ಹಿಡಿದುಕೊಂಡರು. ಚೌಕಾಸಿಗೆ ಒಪ್ಪದಿದ್ದರೆ ಗಿರಾಕಿಗಳು ಬೈಯುತ್ತಾರೆ, ಒಪ್ಪಿದರೆ ವ್ಯಾಪಾರಿ ಬೈಯುತ್ತಾನೆ. ಕೆಲಸ ಬಿಡಲೇ?

ಉತ್ತರ: ಬಿಡುವ ಮೊದಲು ಇದನ್ನು ಓದಿ.

ಕುರ್ಚಿಯ ವಿಷಯ ಮೊದಲು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1964ರಲ್ಲಿ ಅಂಗಡಿ ಮತ್ತು ಕಚೇರಿ ಕೆಲಸಗಾರರಿಗಾಗಿ ಒಂದು ಒಪ್ಪಂದ ಮಾಡಿತು. ಅದರ ನಂಬರ್ 120. ಸಾಕಷ್ಟು, ಸರಿಯಾದ ಆಸನ ಇರಬೇಕು, ಅದನ್ನು ಬಳಸಲು ಅವಕಾಶವೂ ಇರಬೇಕು ಅಂತ ಅದರಲ್ಲಿದೆ. ಎರಡನೇ ಮಾತು ನೋಡಿ. ಕುರ್ಚಿ ಇಟ್ಟು, ಕೂತರೆ ಗದರಿಸುವವರೂ ಇದ್ದಾರೆ ಅಂತ ಬರೆದವರಿಗೆ ಗೊತ್ತಿತ್ತು.

ಸಂಬಳದ ವಿಷಯಕ್ಕೆ ಅದೇ ಸಂಸ್ಥೆಯ 1949ರ ಒಪ್ಪಂದವಿದೆ, ನಂಬರ್ 95. ಕಾನೂನೋ ಸಾಮೂಹಿಕ ಒಪ್ಪಂದವೋ ಹೇಳಿದಷ್ಟೇ, ಹೇಳಿದ ರೀತಿಯಲ್ಲೇ ಸಂಬಳದಿಂದ ಕಡಿತ ಮಾಡಬಹುದು. ಕೆಲಸಗಾರರಿಗೆ ಅದು ಮೊದಲೇ ತಿಳಿದಿರಬೇಕು. ಇವೆರಡೂ ಒಪ್ಪಿ ಸಹಿ ಮಾಡಿದ ದೇಶಗಳಿಗೆ ಅನ್ವಯ. ನಿಮ್ಮಲ್ಲಿನ ಕಾನೂನು ಏನು ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಮಾಲೀಕರನ್ನಂತೂ, ‘ಯಾವ ನಿಯಮದ ಮೇಲೆ ಹಿಡಿದುಕೊಂಡಿರಿ, ಬರೆದು ಕೊಡಿ’ ಅಂತ ಕೇಳಲೇಬೇಕು. ಬಾಯಿಮಾತಲ್ಲಿ ಹಿಡಿದುಕೊಂಡ ದುಡ್ಡು ಎಷ್ಟೋ ಸಲ ಈ ಒಂದು ಪ್ರಶ್ನೆಗೇ ವಾಪಸ್ ಬರುತ್ತದೆ.

ಇನ್ನು ಬೈಗುಳ. ಇದರ ಬೇರು ಕೌಂಟರಿನಲ್ಲಿಲ್ಲ. ನೀವು ನಿಂತಿರುವ ಜಾಗದಲ್ಲಿ ನಿಮ್ಮದು ಅನ್ನುವ ಒಂದು ಸೂಜಿಯೂ ಇಲ್ಲ. ಸಾಮಾನು ವ್ಯಾಪಾರಿಯದು. ಬೆಲೆ ಬರೆದವನೂ ಅವನೇ. ಮಾಲೀಕರು ಅವನಿಂದ ಬಾಡಿಗೆ, ಎಷ್ಟೋ ಕಡೆ ಕಮಿಷನ್ನೂ ತೆಗೆದುಕೊಳ್ಳುತ್ತಾರೆ. ಗಿರಾಕಿಗೆ ಇದ್ಯಾವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ನೀವೊಬ್ಬರೇ. ತಿಂಗಳುಗಟ್ಟಲೆ ಬೂತ್ ಕಡೆ ತಲೆ ಹಾಕದ ವ್ಯಾಪಾರಿಯ ಹಠವನ್ನೂ ನಿಮ್ಮ ತಲೆಗೇ ಕಟ್ಟುತ್ತಾರೆ.

ಹಾಗಾಗಿ ಪ್ರತಿ ಬೂತ್‌ನ ವ್ಯಾಪಾರಿಯಿಂದಲೂ ಒಂದು ಸಾಲು ಬರೆಸಿಕೊಡಿ ಅಂತ ಮಾಲೀಕರನ್ನು ಕೇಳಿ: ‘ನನ್ನನ್ನು ಕೇಳದೆ ಬೆಲೆಯಲ್ಲಿ ಇಷ್ಟರವರೆಗೆ ಬಿಡಬಹುದು.’ ಎಷ್ಟೋ ಮಾಲ್‌ಗಳಲ್ಲಿ ನೂರಕ್ಕೆ ಹತ್ತರವರೆಗೆ ಬಿಡುವ ರೂಢಿ ಇದೆ, ಕೆಲವರು ಏನೂ ಬಿಡುವುದಿಲ್ಲ. ಎಷ್ಟು ಅನ್ನುವುದಕ್ಕಿಂತ ಬರೆದಿರುವುದು ಮುಖ್ಯ. ಆಮೇಲೆ ನೀವು ‘ಆಗಲ್ಲ’ ಅನ್ನುವ ಬದಲು, ‘ಈ ಬೂತ್‌ನವರು ಇಷ್ಟಕ್ಕೆ ಒಪ್ಪಿದ್ದಾರೆ, ಇನ್ನೂ ಕಡಿಮೆ ಬೇಕಿದ್ದರೆ ಫೋನ್ ಮಾಡಿ ಕೇಳ್ತೀನಿ’ ಅನ್ನಬಹುದು. ನಾನಿದ್ದ ಕಡೆ ಈ ಪಟ್ಟಿ ಬಂದ ಮೇಲೆ ಕೌಂಟರಿನ ಮುಂದಿನ ಕೂಗಾಟ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಪಟ್ಟಿಯೂ ಇಲ್ಲ, ಕುರ್ಚಿಯೂ ಇಲ್ಲ, ಹಿಡಿದ ದುಡ್ಡಿಗೆ ಲೆಕ್ಕವೂ ಇಲ್ಲ ಅಂದರೆ ಬಿಡಿ. ಹಳೆ ಸಾಮಾನು ಒಡೆಯದೆ ಹಿಡಿಯಲು ಬಲ್ಲವರು ಎಲ್ಲ ಕಡೆ ಬೇಕು.

ಪ್ರಶ್ನೆ: ‘1880ರ ದಶಕ’ ಅಂತ ಚೀಟಿ ಇದ್ದ ತಟ್ಟೆ ಕೊಂಡೆ. ಮನೆಗೆ ಬಂದು ನೋಡಿದರೆ ಹಿಂಬದಿಯಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಅಂತಿದೆ. ವಾಪಸ್ ಒಯ್ದರೆ ಕೌಂಟರಿನವಳು ಬೋರ್ಡ್ ತೋರಿಸಿ, ಮಾರಿದ್ದು ಮುಗಿಯಿತು ಅಂದಳು. ಅಷ್ಟು ಒರಟಾಗಿ ಮಾತಾಡುವವರನ್ನು ಯಾಕೆ ಇಟ್ಟುಕೊಳ್ಳುತ್ತಾರೋ.

ಉತ್ತರ: ತಟ್ಟೆಯ ವಿಷಯದಲ್ಲಿ ನೀವು ಹೇಳುವುದು ಸರಿ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಬಂದ ಮೇಲೆ, 1891ರಿಂದ ಆ ದೇಶಕ್ಕೆ ಹೋಗುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಅದಕ್ಕೂ ಮೊದಲು ಕೆಲವರು ದೇಶದ ಹೆಸರು ಹಾಕಿದ್ದುಂಟು. ಆದರೆ ಬರೀ ‘ಇಂಗ್ಲೆಂಡ್’ ಅಂತ ಇದ್ದರೆ ಸಾಮಾನ್ಯವಾಗಿ 1891ರ ಈಚಿನದು. ‘ಮೇಡ್ ಇನ್’ ಸೇರಿದ್ದರೆ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ್ದು. ಜಪಾನಿನ ಪಿಂಗಾಣಿಗೂ ಇಂಥ ಗುರುತಿದೆ. 1921ರವರೆಗೆ ‘ನಿಪ್ಪಾನ್’ ಅಂತ ಹಾಕುತ್ತಿದ್ದರು, ಆಮೇಲೆ ‘ಜಪಾನ್’ ಆಯಿತು. ‘ಆಕ್ಯುಪೈಡ್ ಜಪಾನ್’ ಅಂತಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ರ ಒಳಗಿನದು. ಗುರುತೇ ಇಲ್ಲ ಅಂದಾಕ್ಷಣ ಹಳೆಯದು ಅಂತಲೂ ಅಲ್ಲ. ಎಷ್ಟೋ ಹೊಸ ನಕಲುಗಳ ಮೇಲೆ ಬರೀ ಕಾಗದದ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತರೆ ಮುಗಿಯಿತು.

ಕಪಾಟು, ಮೇಜು ಕೊಳ್ಳುವವರು ಸ್ಕ್ರೂ ನೋಡಿ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೀರಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ್ದು ಅನ್ನುವ ಮೇಜಿನಲ್ಲಿ ಅದೇ ತುಂಬಿದ್ದರೆ ಪ್ರಶ್ನೆ ಕೇಳಬೇಕು. ಒಂದೋ ಎರಡೋ ಇದ್ದರೆ ರಿಪೇರಿ ಇರಬಹುದು.

ಇನ್ನು ವಾಪಸಾತಿ. ‘ಇದ್ದ ಹಾಗೇ ಮಾರಾಟ’ ಅನ್ನುವ ಬೋರ್ಡ್ ಬಿರುಕಿಗೆ, ಚಕ್ಕೆ ಎದ್ದಿದ್ದಕ್ಕೆ ಸರಿ. ಕಾಲವನ್ನೇ ತಪ್ಪು ಬರೆದು ಮಾರಿದ್ದಕ್ಕೂ ಆ ಬೋರ್ಡೇ ಉತ್ತರ ಅಂದರೆ ನಾನು ಒಪ್ಪುವುದಿಲ್ಲ, ಬೂತ್ ನಡೆಸುವವಳಾಗಿಯೂ ಒಪ್ಪುವುದಿಲ್ಲ. ಆದರೆ ಆ ಚೀಟಿ ಬರೆದದ್ದು ಕೌಂಟರಿನ ಹುಡುಗಿಯಲ್ಲ. ದುಡ್ಡು ವಾಪಸ್ ಕೊಡುವ ಅಧಿಕಾರವೂ ಬಹುಶಃ ಅವಳಿಗಿಲ್ಲ. ನಿಮ್ಮಂಥವರು ಬಂದಾಗ ಬೋರ್ಡ್ ತೋರಿಸು ಅಂತ ಅವಳಿಗೆ ಹೇಳಿಕೊಟ್ಟಿರುತ್ತಾರೆ. ರಶೀದಿಯಲ್ಲಿ ಬೂತ್ ನಂಬರ್ ಇರುತ್ತದೆ. ಆ ವ್ಯಾಪಾರಿಯ ಹೆಸರಿಗೆ ಮಾಲ್ ಮೂಲಕ ಪತ್ರ ಕೊಡಿ, ತಟ್ಟೆಯ ಹಿಂಬದಿಯ ಫೋಟೋ ಜೊತೆಗಿಡಿ. ಹೆಸರು ಕೆಡಿಸಿಕೊಳ್ಳಲು ಇಷ್ಟವಿಲ್ಲದ ವ್ಯಾಪಾರಿ ದುಡ್ಡು ಕೊಡುತ್ತಾನೆ.

ಇನ್ನು ಮುಂದೆ ಬಿಲ್ಲಿಗೆ ಕೊಡುವ ಮೊದಲೇ ಚೀಟಿಯ ಫೋಟೋ ತೆಗೆದುಕೊಳ್ಳಿ. ಬಹಳ ಕಡೆ ಬಿಲ್ ಮಾಡುವಾಗ ಚೀಟಿ ಕಿತ್ತು ವ್ಯಾಪಾರಿಯ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ‘1880’ ಅಂತ ಬರೆದಿತ್ತು ಅನ್ನುವುದಕ್ಕೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ.

ಪ್ರಶ್ನೆ: ಚೀಟಿ ಬಿದ್ದುಹೋಗಿದ್ದ ಹೂದಾನಿಯನ್ನು ಎಷ್ಟು ಕೇಳಿದರೂ ಮಾರಲಿಲ್ಲ. ದುಡ್ಡು ಕೊಡ್ತೀನಿ ಅಂದರೂ ಬೇಡವಂತೆ!

ಉತ್ತರ: ಸರಿಯಾಗಿಯೇ ಮಾಡಿದ್ದಾರೆ. ಚೀಟಿ ಇಲ್ಲದಿದ್ದರೆ ಬೆಲೆ ಎಷ್ಟು, ದುಡ್ಡು ಯಾರಿಗೆ ಸೇರಬೇಕು ಎರಡೂ ಗೊತ್ತಿಲ್ಲ. ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ.

ಪ್ರಶ್ನೆ: ನನ್ನ ಮಗುವಿನ ಕೈ ತಗುಲಿ ಕಪ್ಪು ಒಡೆಯಿತು. ಪೂರ್ತಿ ಬೆಲೆ ಕಕ್ಕಿಸಿದರು. ಕೊಡಲೇಬೇಕಿತ್ತಾ?

ಉತ್ತರ: ‘ಒಡೆದರೆ ನಿಮ್ಮದೇ’ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಎಲ್ಲ ಕಡೆ ಕಾನೂನಾಗುವುದಿಲ್ಲ. ಯಾರ ಅಜಾಗರೂಕತೆ ಅನ್ನುವುದು ಮುಖ್ಯ. ಓಡಾಡುವ ದಾರಿಗೆ ಚಾಚಿಕೊಂಡ ಅಲುಗಾಡುವ ಮೇಜಿನ ಅಂಚಿನಲ್ಲಿ ಕಪ್ಪು ಇಟ್ಟಿದ್ದರೆ ಇಟ್ಟವರದೂ ಪಾಲಿದೆ. ಮಗು ಓಡುತ್ತಿದ್ದರೆ ನಿಮ್ಮದು. ಚೀಟಿಯ ಬೆಲೆಯಲ್ಲಿ ವ್ಯಾಪಾರಿಯ ಲಾಭವೂ ಸೇರಿರುತ್ತದೆ. ಅವನು ಕೊಂಡ ಬೆಲೆ ಕೊಡುತ್ತೇನೆ ಅಂತ ಕೇಳುವುದರಲ್ಲಿ ನಾಚಿಕೆಯಿಲ್ಲ. ನನ್ನ ಬೂತ್‌ನಲ್ಲಿ ಹೀಗಾದಾಗ ನಾನು ಅಷ್ಟನ್ನೇ ತೆಗೆದುಕೊಳ್ಳುತ್ತೇನೆ. ಕಪ್ಪುಗಳನ್ನು ಕೆಳಗಿನ ಹಲಗೆಯಲ್ಲಿ ಇಡುವುದೂ ಇಲ್ಲ.

ಪ್ರಶ್ನೆ: ಯುರೇನಿಯಂ ಗಾಜು ಹುಡುಕಲು ಯುವಿ ಟಾರ್ಚ್ ಒಯ್ದಿದ್ದೆ. ಅದೇನು, ಒಳಗಿಡಿ ಅಂತ ಗದರಿದರು.

ಉತ್ತರ: ಅವರಿಗೆ ಅದೇನಂತ ಗೊತ್ತಿರಲಿಕ್ಕಿಲ್ಲ. ಸ್ವಲ್ಪ ಯುರೇನಿಯಂ ಬೆರೆಸಿ ಮಾಡಿದ ಆ ಗಾಜು ಯುವಿ (ನೇರಳಾತೀತ) ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದನ್ನು ಒಮ್ಮೆ ತೋರಿಸಿ. ಮುಂದಿನ ಸಲ ಅವರೇ ನಿಮ್ಮನ್ನು ಕರೆದು ಕಪಾಟು ತೆಗೆಯುತ್ತಾರೆ. ಬೇರೆಯವರ ಕಣ್ಣಿಗೆ ಮಾತ್ರ ಟಾರ್ಚ್ ಬಿಡಬೇಡಿ.

ಪ್ರಶ್ನೆ: ನಾನು ಮಾಲ್ ಮಾಲೀಕ. ಸಿಬ್ಬಂದಿ ಒರಟು ಅಂತ ಗಿರಾಕಿಗಳು ದೂರುತ್ತಾರೆ. ಎರಡು ಸಲ ಎಲ್ಲರನ್ನೂ ಬದಲಾಯಿಸಿದೆ. ದೂರು ನಿಂತಿಲ್ಲ.

ಉತ್ತರ: ಎರಡು ಸಲ ಜನ ಬದಲಾದರೂ ದೂರು ಅದೇ ಅಂದರೆ ಬದಲಾಗದೆ ಉಳಿದಿರುವುದು ಏನು ಸ್ವಾಮಿ?

ಜನ ಜಾಸ್ತಿ ಬರುವ ದಿನ ನೀವೇ ಬೆಳಗಿನಿಂದ ಸಂಜೆವರೆಗೆ ಕೌಂಟರಿನಲ್ಲಿ ನಿಲ್ಲಿ. ಒಬ್ಬರು ಕಪಾಟು ತೆಗೆಸಲು ಕಾಯುತ್ತಿರುತ್ತಾರೆ, ಇನ್ನೊಬ್ಬರು ಬಿಲ್ಲಿಗೆ, ಮತ್ತೊಬ್ಬರು ಚೌಕಾಸಿಗೆ. ಬೀಗದ ಕೈ ಒಂದೇ ಗೊಂಚಲಾದರೆ ಒಬ್ಬರು ಕೌಂಟರ್ ಬಿಟ್ಟು ಹೋದ ತಕ್ಷಣ ಎಲ್ಲರೂ ನಿಲ್ಲುತ್ತಾರೆ. ಇನ್ನೊಂದು ಗೊಂಚಲು, ಇನ್ನೊಬ್ಬ ಮನುಷ್ಯ, ಇವೆರಡಕ್ಕೆ ಮೊದಲು ದುಡ್ಡು ಹಾಕಿ. ಸಣ್ಣ ತಕರಾರನ್ನು ನಿಮ್ಮನ್ನು ಕೇಳದೆ ಬಗೆಹರಿಸುವ ಅಧಿಕಾರವನ್ನೂ ಕೌಂಟರಿಗೆ ಕೊಡಿ. ಅದಕ್ಕೊಂದು ಮಿತಿ ಹಾಕಿ, ಆ ಮಿತಿಯೊಳಗೆ ಅವರು ಏನು ಮಾಡಿದರೂ ಗಿರಾಕಿಯ ಮುಂದೆ ಪ್ರಶ್ನಿಸಬೇಡಿ. ಗಿರಾಕಿಯೊಬ್ಬರು ಅವರನ್ನು ಕೀಳಾಗಿ ಬೈದರೆ ‘ನೀವು ಹೊರಡಬಹುದು’ ಅನ್ನುವ ಮಾತು ನಿಮ್ಮ ಬಾಯಿಂದ ಬರಲಿ.

ವ್ಯಾಪಾರಿಗಳ ಫೋನ್ ನಂಬರ್ ಪಟ್ಟಿಯನ್ನೂ ಒಮ್ಮೆ ನೋಡಿ. ಅರ್ಧ ನಂಬರ್ ಹಳೆಯದಾಗಿರುತ್ತವೆ. ಈ ವಾರವೇ ಸರಿ ಮಾಡಿಸಿ.