ಜೊತೆಗಿದ್ದವನ ಸ್ಟಾರ್ಟಪ್‌ಗೆ ಫಂಡಿಂಗ್ ಬಂತು, ನಂಗೆ ಅದೆಲ್ಲ ಬರೀ ಹೈಪ್ ಅನ್ಸ್ತಿದೆ. ಇದು ಹೊಟ್ಟೆಕಿಚ್ಚಾ?

ನೀವು ಕೇಳಿದ್ದು ಇಷ್ಟು ತಾನೇ: ಇಬ್ರೂ ಒಂದೇ ಆಫೀಸಲ್ಲಿ ಕೋಡ್ ಬರೀತಿದ್ರಿ, ಅವ್ನು ಕೆಲ್ಸ ಬಿಟ್ಟು ಸ್ಟಾರ್ಟಪ್ ಮಾಡ್ದ, ಈಗ ಪೇಪರ್‌ನಲ್ಲಿ ಫೋಟೋ ಬಂದಿದೆ, ನೀವು ಅವನ ಆಪ್ ಹಾಕ್ಕೊಂಡು ನೋಡಿದ್ರೆ ಒಳಗೆ ಏನೂ ಇಲ್ಲ. ಹಾಗಾದ್ರೆ ನಂದು ಹೊಟ್ಟೆಕಿಚ್ಚೋ, ಅವಂದು ಹೈಪೋ?

ಎರಡೂ ಇರುತ್ತೆ ಸರ್. ಒಂದಿದ್ರೆ ಇನ್ನೊಂದು ಇರಬಾರ್ದು ಅಂತ ಯಾರು ಹೇಳಿದ್ದು? ನಾನು ಬೆಂಗಳೂರಲ್ಲಿ ಹದಿನಾಲ್ಕು ವರ್ಷದಿಂದ ವೆಬ್ ಡೆವಲಪರ್, ಹೊಟ್ಟೆ ಉರ್ಕೊಳೋ ವಿಷಯದಲ್ಲಿ ನಂಗೆ ಒಳ್ಳೆ ಸೀನಿಯಾರಿಟಿ ಇದೆ, ಅದಕ್ಕೇ ಬರೀತಿದೀನಿ.

2015ರಲ್ಲಿ ನಾನು ನನ್ನ ರೂಮ್‌ಮೇಟ್ ಸೇರ್ಕೊಂಡು ಮದುವೆ ಛತ್ರ ಬುಕ್ ಮಾಡೋ ಒಂದು ಸೈಟ್ ಶುರು ಮಾಡಿದ್ವಿ. ಕೇಳೋಕೆ ಸುಲಭ. ಆದ್ರೆ ಛತ್ರದ ಮ್ಯಾನೇಜರ್ ಹತ್ರ ಇರೋದು ಒಂದು ಡೈರಿ, ಮುಹೂರ್ತದ ದಿನಗಳಿಗೆಲ್ಲ ಕೆಂಪು ಪೆನ್ನಲ್ಲಿ ರೌಂಡ್ ಹಾಕಿರ್ತಾರೆ, ಅಡ್ವಾನ್ಸ್ ಕೊಟ್ಟವರ ಹೆಸರು ಪೆನ್ಸಿಲಲ್ಲಿ. ಸತ್ಯ ಅನ್ನೋದೆಲ್ಲ ಆ ಡೈರೀಲೇ, ನಮ್ಮ ಡೇಟಾಬೇಸಲ್ಲಿ ಅಲ್ಲ. ಹಾಗಾಗಿ ದಿನಾ ಸಂಜೆ ಆರು ಗಂಟೆಗೆ ನನ್ನ ರೂಮ್‌ಮೇಟ್ ಕೂತ್ಕೊಂಡು ಒಬ್ಬೊಬ್ರಿಗೇ ಫೋನ್ ಮಾಡಿ "ಸರ್ ಇವತ್ತು ಯಾವ್ದಾದ್ರೂ ಡೇಟ್ ಹೋಯ್ತಾ" ಅಂತ ಕೇಳಿ ಸೈಟಲ್ಲಿ ಅಪ್‌ಡೇಟ್ ಮಾಡ್ತಿದ್ದ. ವರ್ಷದ ಕೊನೆಗೆ ನಲವತ್ತು ಛತ್ರ ಸೇರಿದ್ವು, ಅಷ್ಟಕ್ಕೇ ನಾವು ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ವಿ.

ಆಮೇಲೆ ಒಂದು ದಿನ ಇನ್ನೊಂದು ಕಂಪನಿ ಬಂತು (ಹೆಸರು ಬೇಡ), ಅದೇ ಐಡಿಯಾ, ಫಂಡಿಂಗ್ ಬೇರೆ ಬಂದಿದೆ, ಪೇಪರ್‌ನಲ್ಲಿ ಅರ್ಧ ಪುಟ, ನಾನೂರಕ್ಕೂ ಹೆಚ್ಚು ಛತ್ರ ಅಂತ ಬರ್ಕೊಂಡಿದಾರೆ. ಆ ರಾತ್ರಿ ಒಂದು ಗಂಟೆಗೆ ನಾನು ಅವ್ರ ಸೈಟ್ ತೆಗೆದು, ಬ್ರೌಸರ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ (ಸೈಟು ಹಿಂದಿನಿಂದ ಏನೇನು ಡೇಟಾ ತರ್ಸುತ್ತೆ ಅಂತ ತೋರ್ಸೋ ಜಾಗ) ಓಪನ್ ಮಾಡ್ಕೊಂಡು ಕೂತೆ. ಪೇಜ್ ಲೋಡ್ ಆದ ತಕ್ಷಣ ಇಡೀ ಲಿಸ್ಟ್ ಒಂದೇ ರಿಕ್ವೆಸ್ಟಲ್ಲಿ ಬಂದ್ಬಿಡ್ತು. 412 ಎಂಟ್ರಿ. ಅದ್ರಲ್ಲಿ ವಿಜಯನಗರದ ಒಂದೇ ಛತ್ರ ಮೂರು ಸಲ, ಮೂರು ಥರ ಸ್ಪೆಲಿಂಗಲ್ಲಿ. ಅರ್ಧಕ್ಕರ್ಧ ಬರೀ ಫೋನ್ ನಂಬರ್, ಬುಕ್ಕಿಂಗ್ ಬಟನ್ ಒತ್ತಿದ್ರೆ "ನಮ್ಮವರು ನಿಮಗೆ ಕರೆ ಮಾಡ್ತಾರೆ" ಅಂತ ಬರುತ್ತೆ ಅಷ್ಟೆ. ನಂಗೆ ಆದ ಖುಷಿ ಹೇಳತೀರದು. ಎಕ್ಸೆಲ್ ಶೀಟ್ ಮಾಡ್ದೆ. ನಿಜವಾದವು ಎಷ್ಟು, ಡ್ಯೂಪ್ಲಿಕೇಟ್ ಎಷ್ಟು, ಎಲ್ಲಾ ಬಣ್ಣ ಹಚ್ಚಿ. ಕಾಲೇಜ್ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕಿ "ನೋಡ್ರೋ ಇದಕ್ಕೆ ಕೋಟಿ ಕೊಟ್ಟಿದಾರೆ" ಅಂದೆ. ನಾಲ್ಕೈದು ದಿನ ಇದೇ ಕೆಲ್ಸ.

ಐದನೇ ದಿನ ಬಸವನಗುಡಿಯ ಒಬ್ರು ಮ್ಯಾನೇಜರ್ ಫೋನ್ ಮಾಡಿದ್ರು, "ಏನ್ ಸರ್, ಮೂರು ದಿನದಿಂದ ನಿಮ್ಮ ಮೆಸೇಜೇ ಬಂದಿಲ್ಲ, ಅಂಗಡಿ ಮುಚ್ಚಿದ್ರಾ?" ನೋಡಿದ್ರೆ ಗಿರಾಕಿಗಳ ಎನ್‌ಕ್ವೈರಿನ ಛತ್ರದವರಿಗೆ ಕಳ್ಸೋ ನಮ್ಮ ಎಸ್ಸೆಮ್ಮೆಸ್ ಬ್ಯಾಲೆನ್ಸ್ ಖಾಲಿಯಾಗಿ ಮೂರು ದಿನ ಆಗಿತ್ತು, ಎನ್‌ಕ್ವೈರಿ ಬಂದಿದ್ದೆಲ್ಲ ಹಾಗೇ ಬಿದ್ದಿತ್ತು. ಅವ್ರ ಸೈಟಿನ ಬಗ್ ಒಂದೂ ಬಿಡದೆ ನಂಗೆ ಗೊತ್ತಿತ್ತು, ನಮ್ಮದು ಮಾತ್ರ ಗೊತ್ತಿರ್ಲಿಲ್ಲ.

ಇನ್ನು ಪೇಪರ್‌ನಲ್ಲಿ ಬರೋ ನಂಬರ್ ವಿಷಯ. ನಿಮ್ಮ ನಿದ್ದೆ ಕೆಡಿಸ್ತಿರೋದು ಅದೇ ಅನ್ಸುತ್ತೆ. ಒಬ್ಬ ಇನ್ವೆಸ್ಟರ್ 10 ಕೋಟಿ ಹಾಕಿ 10 ಪರ್ಸೆಂಟ್ ಷೇರ್ ತಗೊಂಡ್ರೆ ಮಾರನೇ ದಿನ ಅದು "100 ಕೋಟಿ ಕಂಪನಿ". ಬ್ಯಾಂಕಲ್ಲಿ ಹೊಸದಾಗಿ ಬಂದಿರೋದು 10 ಕೋಟಿ, ಅದೂ ಸಂಬಳ, ಸರ್ವರ್ ಬಿಲ್, ಜಾಹೀರಾತಿಗೆ. ಅವನ ಜೇಬಿಗೆ ಬರೋದು ಬಹುಶಃ ನಿಮಗಿಂತ ಕಮ್ಮಿ ಸಂಬಳ. ಮೇಲಾಗಿ ಅಗ್ರಿಮೆಂಟಲ್ಲಿ ಸಾಮಾನ್ಯವಾಗಿ ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತ ಒಂದಿರುತ್ತೆ, ಅಂದ್ರೆ ಕಂಪನಿ ಮಾರಿದ್ರೆ ಮೊದ್ಲು ಇನ್ವೆಸ್ಟರ್ ತನ್ನ ದುಡ್ಡು ತಗೋತಾನೆ, ಉಳಿದ್ರೆ ಮಿಕ್ಕವರಿಗೆ. ನಾಳೆ ಅದೇ ಕಂಪನಿ 8 ಕೋಟಿಗೆ ಹೋಯ್ತು ಅನ್ಕೊಳಿ, ಫೌಂಡರ್‌ಗೆ ಚಿಪ್ಪು. ಇದ್ಯಾವುದೂ ಫೋಟೋದಲ್ಲಿ ಕಾಣಲ್ಲ. ಕೋರಮಂಗಲದಲ್ಲಿ 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟನ್ನ 2018ರಲ್ಲಿ ವಾಲ್‌ಮಾರ್ಟ್ 1600 ಕೋಟಿ ಡಾಲರ್ ಕೊಟ್ಟು ಮುಕ್ಕಾಲು ಪಾಲು ತಗೊಂಡಿದ್ದೊಂದೇ ಎಲ್ಲರ ಕಣ್ಣಲ್ಲಿ ಕೂತಿದೆ.

ಆದ್ರೆ ಹೈಪ್ ಅಂದ್ರೆ ಬರೀ ಶೋಕಿ ಅಂತ ನಾನು ಹೇಳಲ್ಲ, ಅಲ್ಲೇ ನಾನು ತಪ್ಪು ಮಾಡಿದ್ದು. ಹೊಸ ಛತ್ರಕ್ಕೆ ಹೋದ್ರೆ ಮ್ಯಾನೇಜರ್ ಕೇಳ್ತಿದ್ದ ಮೊದಲ ಪ್ರಶ್ನೆ, "ನಿಮ್ದು ಪೇಪರಲ್ಲಿ ಬಂದಿದ್ಯಾ?" ಅವ್ರದ್ದು ಬಂದಿತ್ತು, ನಮ್ದು ಬಂದಿರ್ಲಿಲ್ಲ. ನಾನು ಮೂರು ಸಲ ಹೋಗಿ ಕಾಫಿ ಕುಡಿದು ಒಪ್ಪಿಸ್ಬೇಕಾದ ಕಡೆ ಅವ್ರು ಒಂದು ಫೋನಲ್ಲಿ ಮುಗಿಸ್ತಿದ್ರು. ಒಳ್ಳೆ ಎಂಜಿನಿಯರ್ ಸೇರೋದೂ ಹಾಗೇ, ಅವನು ಸ್ಟಾರ್ಟಪ್ ಸೇರೋಕೆ ಅಪ್ಪ ಅಮ್ಮ ಒಪ್ಪೋದೂ ಹಾಗೇ. ಎಂಟ್ರಿ ಸುಳ್ಳು ಹಾಕಿದ್ದು ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ, ಪೇಪರ್‌ನಲ್ಲಿ ಬಂದಿದ್ದು ತಪ್ಪಲ್ಲ. ನಾನು ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿ ನುಂಗಿದ್ದೆ.

ಇನ್ನೊಂದು, ನಮ್ಮ ಮೂಗು ಎಲ್ಲದಕ್ಕೂ ಒಂದೇ ಥರ ಮುರಿಯುತ್ತೆ. 2011ರಲ್ಲಿ ಅಮೆರಿಕದಲ್ಲಿ ಕಲರ್ ಅಂತ ಒಂದು ಫೋಟೋ ಆಪ್ ಲಾಂಚ್ ಆಗೋಕೂ ಮೊದ್ಲೇ 4.1 ಕೋಟಿ ಡಾಲರ್ ಎತ್ತಿತ್ತು. ಎಲ್ರೂ ನಕ್ಕರು, ನಾನೂ ನಕ್ಕೆ, ಮರುವರ್ಷ ಅದು ಮುಳುಗ್ತು. 2012ರ ಏಪ್ರಿಲ್‌ನಲ್ಲಿ ಹದಿಮೂರು ಜನರ ಇನ್‌ಸ್ಟಾಗ್ರಾಮನ್ನ ಫೇಸ್‌ಬುಕ್ 100 ಕೋಟಿ ಡಾಲರ್‌ಗೆ ತಗೋತೀವಿ ಅಂದಾಗ್ಲೂ ನಾನು ಅದೇ ನಗು ನಕ್ಕಿದ್ದೆ, "ಫೋಟೋಗೆ ಬಣ್ಣ ಹಚ್ಚೋಕೆ ಇಷ್ಟಾ?" ಅಂತ. ಮೊದಲನೇದ್ರಲ್ಲಿ ನಾನು ಸರಿ ಆಗಿದ್ದು ಬುದ್ಧಿಯಿಂದ ಅಲ್ಲ, ನಿಂತಿರೋ ಗಡಿಯಾರ ದಿನಕ್ಕೆರಡು ಸಲ ಸರಿ ಟೈಮ್ ತೋರ್ಸುತ್ತಲ್ಲ ಹಾಗೆ.

ನಮ್ಮೂರಿಂದೇ ಬೇಕಂದ್ರೆ ಕೂ ತಗೊಳಿ, ಟ್ವಿಟ್ಟರ್ ಥರ ನಮ್ಮ ಭಾಷೆಗಳಲ್ಲಿ ಬರೆಯೋಕೆ ಇದ್ದ ಆಪ್. ಅಪ್ರಮೇಯ ರಾಧಾಕೃಷ್ಣ ಮೊದ್ಲು ಟ್ಯಾಕ್ಸಿಫಾರ್‌ಶೂರ್ ಅನ್ನೋ ಟ್ಯಾಕ್ಸಿ ಬುಕ್ಕಿಂಗ್ ಕಂಪನಿ ಮಾಡಿ 2015ರಲ್ಲಿ ಓಲಾಗೆ ಮಾರಿದವ್ರು, 2020ರಲ್ಲಿ ಮಯಾಂಕ್ ಬಿದಾವಟ್ಕಾ ಜೊತೆ ಸೇರಿ ಕೂ ಶುರು ಮಾಡಿದ್ರು, ಅದೂ ಕನ್ನಡದಲ್ಲೇ ಮೊದ್ಲು. 2021ರಲ್ಲಿ ಸರ್ಕಾರಕ್ಕೂ ಟ್ವಿಟ್ಟರ್‌ಗೂ ಜಟಾಪಟಿ ಆದಾಗ ಮಂತ್ರಿಗಳೆಲ್ಲ ಅಲ್ಲಿಗೆ ಬಂದ್ರು, ಎಲ್ಲಿ ನೋಡಿದ್ರೂ ಕೂ ಲೋಗೋದ ಹಳದಿ ಹಕ್ಕಿ. ಸರ್ವರ್ ಖರ್ಚು ತೂಗಿಸೋಕಾಗ್ದೆ, ಬೇರೆ ಕಂಪನಿಗಳ ಜೊತೆ ಮಾತುಕತೆನೂ ಕುದುರದೆ 2024ರ ಜುಲೈನಲ್ಲಿ ಮುಚ್ಚಿದ್ರು. ಆ ವಾರ ನಮ್ಮ ಆಫೀಸ್ ಕ್ಯಾಂಟೀನಲ್ಲಿ "ನಾನು ಆವಾಗ್ಲೇ ಹೇಳಿರ್ಲಿಲ್ವಾ" ಅನ್ನೋರೇ ಎಲ್ಲ. ನಾನೂ ಬಾಯಿ ಬಿಡೋನಿದ್ದೆ, ಅಷ್ಟರಲ್ಲಿ ಶಿವಮೊಗ್ಗದ ನಮ್ಮ ಚಿಕ್ಕಪ್ಪ ನೆನಪಾದ್ರು. ರಿಟೈರ್ಡ್ ಮೇಷ್ಟ್ರು, ಇಂಗ್ಲಿಷ್ ಅಂದ್ರೆ ಹಿಂಜರಿಕೆ, ಜೀವನದಲ್ಲಿ ಮೊದಲ ಸಲ ಇಂಟರ್ನೆಟ್ಟಲ್ಲಿ ಏನಾದ್ರೂ ಬರೆದಿದ್ರೆ ಅದು ಕೂನಲ್ಲಿ, ತುಂಗಾ ನದಿ ಮಳೆಗಾಲದ ಬಗ್ಗೆ ನಾಲ್ಕು ಸಾಲು. ಅದನ್ನ ಹೈಪ್ ಅನ್ನೋಕೆ ನಂಗೆ ನಾಲಿಗೆ ಬರಲಿಲ್ಲ.

ನಮ್ಮ ಛತ್ರದ ಕಥೆ ಏನಾಯ್ತು ಅಂದ್ರೆ, ಆ ದೊಡ್ಡ ಕಂಪನಿ ಎರಡು ವರ್ಷಕ್ಕೆ ಬಾಗಿಲು ಹಾಕ್ತು. ನಮ್ದು ಅದಕ್ಕೂ ಆರು ತಿಂಗಳು ಮುಂಚೆನೇ ನಿಂತಿತ್ತು, ಹಾಗಾಗಿ ಗೆದ್ದೆ ಅನ್ನೋಕೂ ಆಗಲ್ಲ. ಸುದ್ದಿ ಓದಿ ಒಂದು ಹತ್ತು ನಿಮಿಷ ಮೈಸೂರ್ ಪಾಕ್ ತಿಂದಷ್ಟು ಖುಷಿ ಆಗಿದ್ದು ಹೌದು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಾನು ಕೆಲ್ಸಕ್ಕೆ ಸೇರಿದ್ದ ಕಡೆ ಆ ದೊಡ್ಡ ಕಂಪನೀಲಿದ್ದ ಒಬ್ಬ ಹುಡುಗನ ರೆಸ್ಯೂಮೇ ಬಂತು, ಹಾಸನದವ್ನು, ಇಂಟರ್‌ವ್ಯೂ ಮಾಡೋಕೆ ಕೂತಿದ್ದು ನಾನೇ. ತಡ್ಕೊಳೋಕಾಗ್ದೆ ಕೇಳೇಬಿಟ್ಟೆ, ಆ ವಿಜಯನಗರದ ಛತ್ರ ಮೂರು ಸಲ ಯಾಕಿತ್ತಪ್ಪಾ ಅಂತ.

ಅವ್ನು ಒಂದು ಕ್ಷಣ ನನ್ನ ಮುಖ ನೋಡ್ದ. "ಅದನ್ನ ತೆಗೀಬೇಕು ಅಂತ ಟೀಮ್‌ನ ಕೆಲ್ಸದ ಪಟ್ಟೀಲಿ ಟಿಕೆಟ್ ನಾನೇ ಹಾಕಿದ್ದೆ ಸರ್, ಬೋರ್ಡ್ ಮೀಟಿಂಗ್ ಮುಗೀಲಿ ಅಂದ್ರು. ಮುಗಿದ ಮೇಲೆ ಆಷಾಢ ಬಂತು. ಮದುವೆನೇ ಇಲ್ಲ, ಗ್ರಾಫ್ ನೆಲ ಕಚ್ತು, ಇನ್ವೆಸ್ಟರ್‌ಗಳು ಹೊರಗಿನವ್ರು, ಆಷಾಢ ಅಂದ್ರೆ ಏನು ಅಂತ ಅವ್ರಿಗೆ ಇಂಗ್ಲಿಷಲ್ಲಿ ಸ್ಲೈಡ್ ಮಾಡೋದ್ರಲ್ಲೇ ಒಂದು ವಾರ ಹೋಯ್ತು."

ಇಬ್ರೂ ನಕ್ವಿ. ಅವನನ್ನ ತಗೊಂಡ್ವಿ. ನನ್ನ ಹತ್ರ ಆ ಎಕ್ಸೆಲ್ ಶೀಟ್ ಇದೆ ಅಂತ ಮಾತ್ರ ಇನ್ನೂ ಅವನಿಗೆ ಹೇಳಿಲ್ಲ.